ಕುದುರೆಯಿಲ್ಲದ ಮನೆಯ ಜೀನು

ನನ್ನ ಗಂಡ ಬೆಳಗಾವಿಯ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅವರಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ನಾಟಕದ ಹುಚ್ಚಿರಲಿಲ್ಲ. ಎಲೆ ಅಡಿಕೆ ಕೂಡ ಹಬ್ಬ ಹುಣ್ಣಿಮೆಗೆ ಮಾತ್ರ. ನನ್ನ ತವರಿನವರು ಇದನ್ನೆಲ್ಲ ನಾಲ್ಕು ಕಡೆ ವಿಚಾರಿಸಿಯೇ ನನ್ನನ್ನು ಕೊಟ್ಟಿದ್ದರು. ಲಿಲಾವಿನ ವಿಷಯ ವಿಚಾರಿಸಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಲಿಲಾವು ಎಂದರೆ ಹರಾಜು. ಇಪ್ಪತ್ತರ ದಶಕದ ಆ ವರ್ಷಗಳಲ್ಲಿ ಬೆಳಗಾವಿಯ ದಂಡಿನ ಕ್ಯಾಂಪಿಗೆ ಬಿಳಿಯರ ಪಲ್ಟಣಗಳು ಬರುತ್ತಿದ್ದವು, ಹೋಗುತ್ತಿದ್ದವು. ಪಲ್ಟಣ ಬದಲಾದಾಗ ದೊರೆಗಳು ಬಂಗಲೆಯ ಸಾಮಾನನ್ನೆಲ್ಲ ಜೊತೆಗೆ ಒಯ್ಯುತ್ತಿರಲಿಲ್ಲ; ಅಂಗಳದಲ್ಲಿ ಹರವಿ ಹರಾಜು ಹಾಕಿಸಿ ಹೋಗುತ್ತಿದ್ದರು. ಕೂಗುವವರು ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಒಬ್ಬ ವಯಸ್ಸಾದ ಮುಸಲ್ಮಾನರು. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಶನಿವಾರ ಕಚೇರಿ ಅರ್ಧ ದಿನ. ನಮ್ಮ ಮನೆಯವರು ನೇರ ಖಡೇ ಬಜಾರಿನ ಕಡೆಯಿಂದ ಮನೆಗೆ ಬರುವ ಬದಲು ಕ್ಯಾಂಪನ್ನು ಸುತ್ತಿಕೊಂಡು ಬರುತ್ತಿದ್ದರು. ಬರುವಾಗ ಹಿಂದೆ ಒಬ್ಬ ಹಮಾಲ, ಅವನ ತಲೆಯ ಮೇಲೆ ಏನಾದರೊಂದು ವಸ್ತು.

ನಾನು ಮದುವೆಯಾಗಿ ಬರುವ ಹೊತ್ತಿಗೇ ಮನೆಯ ಪಡಸಾಲೆಯಲ್ಲಿ ಒಂದು ಕುದುರೆಯ ಜೀನು ನೇತಾಡುತ್ತಿತ್ತು. ನಮ್ಮ ಮನೆಯಲ್ಲಿ ಕುದುರೆ ಇರಲಿಲ್ಲ, ಮುಂದೆ ಬರುವ ಸಂಭವವೂ ಇರಲಿಲ್ಲ. ಚರ್ಮದ ಸಾಮಾನು ಹೊಸ್ತಿಲು ದಾಟಿ ಒಳಗೆ ಬರಬಾರದೆಂದು ಅತ್ತೆಯವರು ಹಟ ಹಿಡಿದಿದ್ದರಿಂದ ಅದು ಪಡಸಾಲೆಯ ಗೂಟಕ್ಕೇ ನಿಂತಿತ್ತು. ನಮ್ಮ ಮನೆಯವರು ಭಾನುವಾರ ಅದಕ್ಕೆ ಎಣ್ಣೆ ಸವರಿ ಒರೆಸುತ್ತಿದ್ದರು. "ಹೊಲಿಗಿ ನೋಡು, ಒಂದು ದಾರ ಸೈತ ಎದ್ದಿಲ್ಲ" ಎಂದು ನನಗೆ ತೋರಿಸಿದರು. ಹೊಲಿಗೆ ನಿಜವಾಗಿಯೂ ಚೆನ್ನಾಗಿತ್ತು.

ಜೀನಿನ ನಂತರ ನನ್ನ ಕಣ್ಣೆದುರೇ ಬಂದ ಸಾಮಾನು ಬಹಳ. ಒಬ್ಬ ಮನುಷ್ಯ ಕಾಲು ಚಾಚಿ ಕುಳಿತು ಸ್ನಾನ ಮಾಡುವಂಥ ತಗಡಿನ ತೊಟ್ಟಿ ಬಂತು. ಅದನ್ನು ತುಂಬಿಸಬೇಕಾದರೆ ಬಾವಿಯಿಂದ ಅರ್ಧ ಬೆಳಗು ನೀರು ಸೇದಬೇಕು. ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವ ಗಡಿಯಾರದಂಥ ಯಂತ್ರ ಬಂತು. ಅದರ ಮುಳ್ಳು ಯಾವ ಕಾಲದಲ್ಲೂ ಕದಲಲಿಲ್ಲ. ಬಂಗಾರದ ಬಣ್ಣದ ಚೌಕಟ್ಟಿನ ಕನ್ನಡಿ ಬಂತು. ನಮ್ಮ ಮಾಳಿಗೆ ತಗ್ಗು, ಆದ್ದರಿಂದ ಅದನ್ನು ಅಡ್ಡ ಮಲಗಿಸಿ ಗೋಡೆಗೆ ಆನಿಸಿದ್ದೆವು. ಅದರಲ್ಲಿ ನಮಗೆ ನಮ್ಮ ಕಾಲುಗಳಷ್ಟೇ ಕಾಣುತ್ತಿದ್ದವು.

ಒಮ್ಮೆ ಮಕಮಲ್ಲಿನ ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿದ ಬೆಳ್ಳಿ ಬಣ್ಣದ ಚಾಕುಗಳು ಬಂದವು. ಅಲಗು ಚಪ್ಪಟೆ, ಅಂಚು ಮೊಂಡು. ಅತ್ತೆಯವರಿಗೆ ಲಿಲಾವಿನ ಸಾಮಾನಿನಲ್ಲಿ ಮೊದಲ ಬಾರಿ ಒಂದು ಉಪಯೋಗಕ್ಕೆ ಬಂದದ್ದೆಂದರೆ ಅವೇ. ಕೊಬ್ಬರಿ ವಡಿ ಕೊಯ್ಯಲು ಅವು ಬಹಳ ಅನುಕೂಲವಾಗಿದ್ದವು. ವರ್ಷದ ಮೇಲೆ ಒಂದು ದಿನ ಚಾಚಾ ಏನೋ ಕೊಡಲು ಮನೆಗೆ ಬಂದಿದ್ದರು. ಪಡಸಾಲೆಯಲ್ಲಿ ಕೂಡಿಸಿ ವಡಿ ಕೊಟ್ಟೆವು. ಒಳಗೆ ಅತ್ತೆಯವರು ಕೊಯ್ಯುವುದು ಅವರಿಗೆ ಕಾಣುತ್ತಿತ್ತು.

"ಅಮ್ಮಾಜಿ, ಆ ಚಾಕೂನ ವಡಿಗೆ ಹಚ್ಚೀರೇನು?" ಎಂದರು. ಹೇಳಬೇಕೋ ಬೇಡವೋ ಎಂದು ಸ್ವಲ್ಪ ತಡೆದು, "ಅದು ಮೀನ ತಿನ್ನೋ ಚಾಕು ಅದ" ಎಂದರು.

ಚಾಚಾ ಹೋದ ಮೇಲೆ ಅತ್ತೆಯವರು ತಲೆಗೆ ನೀರು ಹಾಕಿಕೊಂಡರು, ಅಡುಗೆಮನೆಯನ್ನೆಲ್ಲ ತೊಳೆದರು, ಅಂದು ಊಟ ಮಾಡಲಿಲ್ಲ. ಸಂಜೆ ಮಗನನ್ನು ಕರೆದು ಹೇಳಿದರು: "ಇನ್ನ ಮ್ಯಾಲ ಏನ ತರೂದಿದ್ರೂ ಮೊದಲ ಕೇಳ್ಕೊಂಡು ಬಾ. ಅದರಾಗ ಅವರು ಏನ ಮಾಡ್ತಿದ್ರು ಅಂತ."

"ಆತು" ಎಂದರು ಮಗ. ಮುಂದಿನ ಶನಿವಾರ ಕೇಳಿಕೊಂಡೇ ತಂದರು. ಅದು ಬೂಟು ಕಳಚುವ ಯಂತ್ರ. ನಮ್ಮ ಮನೆಯಲ್ಲಿ ಯಾರೂ ಬೂಟು ಹಾಕುತ್ತಿರಲಿಲ್ಲ.

ಅವರು ಸಾಲ ಮಾಡಿದವರಲ್ಲ, ಅದನ್ನು ಹೇಳಬೇಕು. ಅಕ್ಕಿ ಜೋಳಕ್ಕೆ ಎಂದೂ ಕೊರತೆ ಮಾಡಲಿಲ್ಲ. ಆದರೆ ಪಗಾರದಲ್ಲಿ ಉಳಿಯಬೇಕಾದದ್ದು ಉಳಿಯುತ್ತಿರಲಿಲ್ಲ. ಅತ್ತೆಯವರ ಸೀರೆಯನ್ನು ಹಬ್ಬದಿಂದ ಹಬ್ಬಕ್ಕೆ ಮುಂದೂಡುತ್ತಿದ್ದೆವು. ನಾನು ಜಗಳ ಮಾಡಿದರೆ ಅವರು ಸುಮ್ಮನೆ ಕೇಳುತ್ತಿದ್ದರು. "ಖರೇ ಅದ ನೀ ಹೇಳೂದು" ಎನ್ನುತ್ತಿದ್ದರು. ಒಪ್ಪಿಕೊಂಡವರ ಜೊತೆ ಎಷ್ಟು ಹೊತ್ತು ಜಗಳವಾಡುವುದು?

ಹೀಗಿರುವಾಗ ಖಾನಾಪುರದ ತಾಲೂಕು ಕಚೇರಿಗೆ ಬದಲಿಯಾಯಿತು. ಸಂಕ್ರಾಂತಿ ಮುಗಿದು ಚಳಿ ಇನ್ನೂ ಇತ್ತು. ಅಕ್ಕಪಕ್ಕದ ಕಾರಕೂನರ ಸಂಸಾರವೆಂದರೆ ಒಂದು ಬಂಡಿಯ ಸಾಮಾನು. ನಮಗೆ ಬಂಡಿಗಳ ಸಾಲೇ ಬೇಕಾಯಿತು. ಬೆಳಗಿನ ಜಾವ ಹೊರಟು ಮಚ್ಛೆ ದಾಟುವಾಗ ಬಿಸಿಲೇರಿತ್ತು. ಎತ್ತಿಗೆ ನೀರು ಕುಡಿಸಲು ನಿಂತಲ್ಲಿ ಊರಿನ ಜನ ಸೇರಿದರು. ಮುಂದಿನ ಬಂಡಿಯ ಮೇಲೆ ತೊಟ್ಟಿ, ತೊಟ್ಟಿಯೊಳಗೆ ಜೀನು, ಹಿಂದೆ ಬಿಸಿಲಿಗೆ ಹೊಳೆಯುವ ಕನ್ನಡಿ.

"ಯಾವ ಸಾಹೇಬ್ರ ಬದಲಿ ಆಗೇತ್ರಿ?" ಎಂದು ಒಬ್ಬ ರೈತ ನಮ್ಮ ಮನೆಯವರನ್ನೇ ಕೇಳಿದ.

ನಮ್ಮ ಮನೆಯವರ ಮುಖ ಅರಳಿದ್ದನ್ನು ನಾನು ನೋಡಿದೆ. ಆ ಮುಖ ನನಗೆ ಹೊಸದು.

ಖಾನಾಪುರದಲ್ಲಿ ಗೊತ್ತು ಮಾಡಿದ್ದ ಮನೆ ಹೊಳೆಯ ಕಡೆಗೆ ಹೋಗುವ ಓಣಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಬಗ್ಗಿ ಹೋಗಬೇಕಾದ ಬಾಗಿಲು. ಸಂಜೆಗೆ ಬಂಡಿ ಇಳಿಸಿದಾಗ ಅರ್ಧ ಸಾಮಾನು ಒಳಗೆ ಹೋಗಲಿಲ್ಲ. ಅಂಗಳದಲ್ಲೇ ಇಟ್ಟೆವು. ಮರುದಿನ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಓಣಿಯ ಜನ ತೊಟ್ಟಿಯ ಸುತ್ತ ನಿಂತಿದ್ದರು. ಒಬ್ಬರು ಬೂಟು ಕಳಚುವ ಯಂತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಎದುರು ಮನೆಯ ಹೆಂಗಸು, ಮನೆಯಲ್ಲಿ ಮರಾಠಿ ಆಡುವವರು, ನನ್ನನ್ನು ಕಂಡು ಹತ್ತಿರ ಬಂದರು.

"ಅಂಗಡಿ ಹಾಕೂರೇನ್ರಿ ವಹಿನಿ?" ಎಂದರು.

"ಇಲ್ರಿ. ನಮ್ಮ ಮನಿ ಸಾಮಾನ."

ಅವರು ಕನ್ನಡಿ ನೋಡಿದರು, ಮನೆಯ ಬಾಗಿಲು ನೋಡಿದರು, ಮತ್ತೆ ಕನ್ನಡಿ ನೋಡಿದರು. "ಅಸೂ ದ್ಯಾ, ಇರ್ಲಿ ಬಿಡ್ರಿ" ಎಂದು ಸಮಾಧಾನದ ದನಿಯಲ್ಲಿ ಹೇಳಿ ಹೋದರು. ನಮ್ಮ ಮನೆಯಲ್ಲಿ ಯಾರಿಗೋ ಕಾಯಿಲೆ ಇದೆಯೆಂದು ತಿಳಿದವರಂತೆ.

ಆ ಮನೆಯಲ್ಲಿ ನಾವು ಅಡ್ಡಡ್ಡ ನಡೆಯುವುದನ್ನು ಕಲಿತೆವು. ರಾತ್ರಿಯ ಹಾಸಿಗೆ ಹಾಕಬೇಕಾದರೆ ಒಂದು ವಸ್ತುವನ್ನು ಇನ್ನೊಂದರ ಮೇಲೆ ಎತ್ತಿಡಬೇಕು, ಬೆಳಿಗ್ಗೆ ಮತ್ತೆ ಇಳಿಸಬೇಕು. ತೊಟ್ಟಿಯನ್ನು ಹಿತ್ತಿಲ ಬಾಗಿಲಲ್ಲಿ ಇಟ್ಟಿದ್ದೆವು. ಶಿವರಾತ್ರಿಯ ಹೊತ್ತಿಗೆ, ಒಂದು ಮಧ್ಯಾಹ್ನ, ಅತ್ತೆಯವರು ಒಣಗಿದ ಬಟ್ಟೆಯ ರಾಶಿಯನ್ನು ಎದೆಗೆ ಅವಚಿಕೊಂಡು ಒಳಗೆ ಬರುತ್ತಿದ್ದರು. ಮುಂದೆ ಏನಿದೆ ಎಂದು ಕಾಣಲಿಲ್ಲ. ತೊಟ್ಟಿಯ ಅಂಚಿಗೆ ಕಾಲು ತಾಗಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಮೂಳೆ ಕೂಡಿಸುವವರ ಕಡೆಗೆ ಒಯ್ದು ಬಿದಿರ ದಬ್ಬೆ ಕಟ್ಟಿಸಿಕೊಂಡು ಬಂದೆವು. ಅತ್ತೆಯವರು ದಾರಿಯುದ್ದಕ್ಕೂ ನರಳಲಿಲ್ಲ, ಬೈಯಲೂ ಇಲ್ಲ. ಅಂದು ಸಂಜೆ ನಾನು ಅವರಿಗೆ ಅನ್ನ ಕಲಸಿ ತುತ್ತು ಮಾಡಿ ಉಣಿಸುತ್ತಿದ್ದೆ. ನಮ್ಮ ಮನೆಯವರು ಗೋಡೆಗೆ ಒರಗಿ ಕುಳಿತಿದ್ದರು. ತಾಯಿ ಮಗನ ಕಡೆ ನೋಡಿ, "ನಿನಗ ಇವೆಲ್ಲಾ ಯಾಕ ಬೇಕಪಾ?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ನಾನು ಮದುವೆಯಾಗಿ ಅಷ್ಟು ವರ್ಷವಾದರೂ ಆ ಪ್ರಶ್ನೆಯನ್ನು ಆ ರೀತಿ ಕೇಳಿರಲಿಲ್ಲ.

ನಮ್ಮ ಮನೆಯವರ ತಂದೆ ಬೇಗ ತೀರಿಹೋಗಿದ್ದರು. ತಾಯಿ ತವರಿನಲ್ಲಿ ಅಣ್ಣನ ಮನೆಯಲ್ಲಿ ಉಳಿದು, ಮಗನನ್ನು ಓದಲು ಬೆಳಗಾವಿಗೆ ಕಳಿಸಿದ್ದರು. ಅಲ್ಲಿ ವಾರಾನ್ನ: ದಿನಕ್ಕೊಬ್ಬರ ಮನೆಯಲ್ಲಿ ಊಟ, ಮತ್ತೊಬ್ಬರ ಪಡಸಾಲೆಯಲ್ಲಿ ನಿದ್ದೆ.

"ನಂದು ಅಂತ ಒಂದು ಹಾಸಗಿ ಸೈತ ಇರಲಿಲ್ಲವ್ವಾ. ಯಾರರೆ ಊರಿಂದ ಪಾಹುಣೇರು ಬಂದ್ರ ಮಡಚಿ ಕೊಡಬೇಕಿತ್ತು" ಎಂದರು. "ಕಚೇರಿಗೆ ಸೇರಿದ ಮ್ಯಾಲೂ 'ಏ ಕಾರಕೂನ, ಇಲ್ಲಿ ಬಾ' ಅಂತಾರ. ಲಿಲಾವಿನ್ಯಾಗ ಹಂಗಲ್ಲ. ಅಲ್ಲಿ ಕೈ ಎತ್ತಿದ್ರ ಚಾಚಾ ಎಲ್ಲಾರ ಮುಂದ ನನ್ನ ಕಡೆ ತೋರಿಸಿ 'ವೋ ಸಾಹೇಬ್' ಅಂತಾರ. ಅಷ್ಟೂ ಮಂದಿ ತಿರುಗಿ ನೋಡ್ತಾರ. ಮನಿಗೆ ಬಂದ ಮ್ಯಾಲ ಆ ಸಾಮಾನ ನೋಡಿದ್ರ ನನಗೂ ಏನೂ ಅನಸೂದಿಲ್ಲ."

ಅತ್ತೆಯವರ ಕಣ್ಣು ತುಂಬಿತು. ಮಗನನ್ನು ಪರರ ಮನೆಗೆ ಕಳಿಸಿದ್ದು ಅವರಿಗೆ ಒಳಗೇ ಉಳಿದಿದ್ದ ನೋವು. ಎಡಗೈಯಿಂದ ಕಣ್ಣೊರೆಸಿಕೊಂಡು, "ಹಂಗಾರ ಸಾಮಾನ ಯಾಕ ಇಟ್ಕೋತಿ? ಸಾಹೇಬ ಅಂದದ್ದು ಅಲ್ಲೇ ಮುಗೀತಲ್ಲಾ" ಎಂದರು.

ಮಾರನೆಯ ದಿನದಿಂದಲೇ ಸಾಮಾನು ಹೊರಗೆ ಹೋಗಲು ತೊಡಗಿತು. ತೊಟ್ಟಿಯನ್ನು ಮೊದಲು ಕೊಟ್ಟೆವು. ಖಾನಾಪುರದ ಮಣ್ಣು ಒಳ್ಳೆಯದು, ಕುಂಬಾರರು ಬಹಳ. ನಮ್ಮ ಓಣಿಯ ಹಿಂದಿನ ಕುಂಬಾರ ಮಣ್ಣು ನೆನೆಹಾಕಲು ಬೇಕೆಂದು ಒಯ್ದ. ಕೂಲಿಯವರಿಲ್ಲದೆ ತಾನೂ ತನ್ನ ಹೆಂಡತಿಯೂ ಮಗುಚಿ ತಲೆಯ ಮೇಲೆ ಹೊತ್ತುಕೊಂಡರು. ತೊಟ್ಟಿಗೇ ಕಾಲು ಬಂದು ನಡೆದು ಹೋದಂತೆ ಕಂಡಿತು. ಕನ್ನಡಿಯನ್ನು ರೈಲು ಸ್ಟೇಶನ್ನಿನ ದಾರಿಯಲ್ಲಿ ಕೂಡುವ ಹಜಾಮನಿಗೆ ಕೊಟ್ಟರು. ಅವನು ಅದನ್ನು ಮರಕ್ಕೆ ನೆಟ್ಟಗೆ ಒರಗಿಸಿದ. ಮರಾಠಿಯಲ್ಲೂ ಕನ್ನಡದಲ್ಲೂ ಜಗಳ ಬಿಡಿಸುವ ಖಾನಾಪುರದ ದೊಡ್ಡ ಮನುಷ್ಯರೆಲ್ಲ ಮೊದಲ ಸಲ ತಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿಕೊಂಡದ್ದು ಅಲ್ಲಿಯೇ. ಚಾಕುಗಳನ್ನು ಅತ್ತೆಯವರು ತಾವೇ ಒಂದು ಕೈಯಲ್ಲಿ ಎತ್ತಿಕೊಟ್ಟರು, ಹೊಳೆಯ ಆಚೆಯ ಮೀನುಗಾರರ ಹೆಂಗಸಿಗೆ. "ಇದು ಯಾತಕ್ಕೂ ಬರೂದಿಲ್ರಿ, ಅಂಚ ಇಲ್ಲ" ಎಂದು ಆಕೆ ನಗುತ್ತ ಒಯ್ದಳು.

ಜೀನು, ಮಳೆಯ ಯಂತ್ರ, ಇನ್ನೂ ಕೆಲವು ಬೆಲೆಯ ವಸ್ತುಗಳಿಗೆ ಖಾನಾಪುರದಲ್ಲಿ ಗಿರಾಕಿ ಇರಲಿಲ್ಲ. ಅವನ್ನು ಬೆಳಗಾವಿಗೇ ಒಯ್ದು ಚಾಚಾರ ಮೂಲಕ ಹರಾಜಿಗೆ ಹಾಕಬೇಕೆಂದು ನಾನೇ ಹೇಳಿದೆ. ನಮ್ಮ ಮನೆಯವರು ಬಹಳ ದಿನ ಒಪ್ಪಲಿಲ್ಲ. ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ತಾವು ಸಾಹೇಬರಾಗಿ ನಿಂತ ಜಾಗದಲ್ಲೇ ತಮ್ಮ ಸಾಮಾನು ಹರವುವುದು ಅವರಿಗೆ ಕಷ್ಟವಾಗಿತ್ತು. "ಮಂದಿ ಏನಂತಾರ?" ಎಂದರು. ನಾನು, "ದೊರಿಗೋಳು ಹಾಕೂದಿಲ್ಲೇನು? ಅವರಿಗೆ ಮಂದಿ ಏನಂತಾರ?" ಎಂದೆ. ಅದಕ್ಕೆ ಅವರಿಗೆ ನಗು ಬಂತು. ನಾನೂ ಜೊತೆಗೆ ಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು.

ಬೆಳಗಿನ ರೈಲಿಗೆ ಹೋದೆವು. ರೈಲಿನ ಹಿಂದಿನ ಬ್ರೇಕ್ ಡಬ್ಬಿಯಲ್ಲಿ ಸಾಮಾನು. ಸ್ಟೇಶನ್ನಿನಿಂದ ಟಾಂಗಾ ಮಾಡಿಕೊಂಡು ಕ್ಯಾಂಪಿಗೆ ಹೋದಾಗ ಒಂದು ಬಂಗಲೆಯ ಅಂಗಳದಲ್ಲಿ ಜನ ಸೇರುತ್ತಿತ್ತು. ನಾನು ಅಲ್ಲಿಯವರೆಗೂ ಲಿಲಾವು ನೋಡಿರಲಿಲ್ಲ. ಗಂಡಸರೇ ತುಂಬಿದ್ದರಿಂದ ಟಾಂಗಾವನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಅಲ್ಲೇ ಕುಳಿತೆ. ಎಲ್ಲ ಕಾಣುತ್ತಿತ್ತು. ಚಾಚಾ ಎತ್ತರದ ಕುರ್ಚಿಯ ಮೇಲೆ ನಿಂತಿದ್ದರು. ನಮ್ಮ ಸಾಮಾನನ್ನು ದೊರೆಯ ಸಾಮಾನಿನ ನಡುವೆ ಬೆರೆಸಿ ಇಡಿಸಿದರು, ಯಾರದೆಂದು ಹೇಳಲಿಲ್ಲ. ನಮ್ಮ ಮನೆಯವರು ಗುಂಪಿನ ಹಿಂದೆ ನಿಂತರು.

ಮಳೆಯ ಯಂತ್ರ ಹೋಯಿತು. ಇತರ ವಸ್ತುಗಳೂ ಹೋದವು. ಜೀನಿನ ಸರದಿ ಬಂತು. ಚಾಚಾ ಅದನ್ನು ಬಿಸಿಲಿಗೆ ಹಿಡಿದರು. ವರ್ಷಗಟ್ಟಲೆ ಎಣ್ಣೆ ಕುಡಿದ ಚರ್ಮ, ಹೊಸದಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ಗುಂಪಿನಲ್ಲಿ ಗುಜುಗುಜು ಎದ್ದಿತು. ಟಾಂಗಾ ಇಟ್ಟ ಒಬ್ಬ, ಕುದುರೆ ಸಾಕಿದ್ದ ಒಬ್ಬ ದೇಸಾಯಿ ಮನೆಯವರು, ಇಬ್ಬರೂ ಬೆಲೆ ಏರಿಸತೊಡಗಿದರು. ಚಾಚಾ "ಏಕ್ ಬಾರ್" ಎಂದರು. "ದೋ ಬಾರ್" ಎಂದರು.

ಆಗ ಹಿಂದಿನಿಂದ ಒಂದು ಕೈ ಎದ್ದಿತು. ಅದು ನಮ್ಮ ಮನೆಯವರದು.

ನಾನು ಟಾಂಗಾದಿಂದ ಇಳಿಯಲು ಹೊರಟವಳು ಅಲ್ಲೇ ನಿಂತೆ. ಚಾಚಾ ಅವರ ಕೈಯನ್ನು ನೋಡಿದರು. ನೋಡಿದ್ದು ನನಗೆ ಖಂಡಿತ ಗೊತ್ತು, ಯಾಕೆಂದರೆ ಒಂದು ಗಳಿಗೆ ಅವರ ದನಿ ನಿಂತಿತು. ಮತ್ತೆ ಅವರು ಆ ಕೈಯ ಮೇಲಿನಿಂದ ದೂರದ ಗೇಟಿನ ಕಡೆ ದೃಷ್ಟಿ ಹಾಯಿಸಿ, "ತೀನ್ ಬಾರ್" ಎಂದು ಸುತ್ತಿಗೆ ಬಡಿದರು. ಜೀನು ದೇಸಾಯಿ ಮನೆಯವರಿಗೆ ಹೋಯಿತು.

ನಮ್ಮ ಮನೆಯವರು ಕೈ ಇಳಿಸಿದರು. ಆಮೇಲೆ ಜೀನು ಕೊಂಡವರ ಹತ್ತಿರ ಹೋಗಿ, ಯಾವ ಎಣ್ಣೆ ಹಚ್ಚಬೇಕು, ಬಿಸಿಲಿಗೆ ಎಷ್ಟು ಇಡಬೇಕು ಎಂದು ಹೇಳಿ ಬಂದರು. ಎಲ್ಲ ಮುಗಿದ ಮೇಲೆ ಚಾಚಾ ಟಾಂಗಾದ ತನಕ ನಮ್ಮನ್ನು ಕಳಿಸಲು ಬಂದರು.

"ನೀವು ನನ್ನ ಕಡೆ ನೋಡಿದ್ರಿ" ಎಂದರು ನಮ್ಮ ಮನೆಯವರು.

"ನೋಡಿದೆ. ತನ್ನ ದುಕಾನಕ್ಕ ತಾನ ಗಿರಾಕಿ ಆಗಬಾರದು ಸಾಹೇಬ್" ಎಂದರು ಚಾಚಾ.

ರೈಲಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ದೇಸೂರು ದಾಟಿದ ಮೇಲೆ, "ಕೈ ತಾನ ಎದ್ದಿತು" ಎಂದರು. ನನ್ನನ್ನು ಉದ್ದೇಶಿಸಿ ಹೇಳಿದಂತಿರಲಿಲ್ಲ. ಮನೆಗೆ ಬರುವ ಮೊದಲು ಪೇಟೆಯಲ್ಲಿ ಅತ್ತೆಯವರಿಗೆ ಇಳಕಲ್ಲ ಸೀರೆ ತೆಗೆದುಕೊಂಡೆವು. ಒಂದೇ ಕೈಯಲ್ಲಿ ಅವರು ಮಡಿಕೆ ಬಿಚ್ಚಿ ಸೆರಗು ನೋಡಿ, ಮಗನ ಬೆನ್ನಿನ ಮೇಲೆ ಆ ಕೈ ಇಟ್ಟರು.

ಅಲ್ಲಿಗೇ ಎಲ್ಲ ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಚೇರಿಯ ಕೆಲಸಕ್ಕೆ ಅವರು ಬೆಳಗಾವಿಗೆ ಹೋಗಲೇಬೇಕಿತ್ತು, ಹೋದಾಗ ಕ್ಯಾಂಪಿನ ದಾರಿ ಹಿಡಿಯುತ್ತಿದ್ದರು. ಒಮ್ಮೆ ಹಾಡಿನ ಪೆಟ್ಟಿಗೆಯ ಕಹಳೆಯನ್ನು ತಂದರು, ಪೆಟ್ಟಿಗೆ ಇಲ್ಲದೆ ಬರೀ ಕಹಳೆ. ಅತ್ತೆಯವರು ಅದನ್ನು ಬೋರಲು ಹಾಕಿ ಕೋಳಿಮರಿಗೆ ಮುಚ್ಚಲು ಎದುರು ಮನೆಗೆ ಕೊಟ್ಟುಬಿಟ್ಟರು. ಆ ಮೇಲೆ ನಮ್ಮ ಮನೆಯವರು ತಾವೇ ಒಂದು ನಿಯಮ ಮಾಡಿಕೊಂಡರು. ಏನಾದರೂ ಮನಸ್ಸಿಗೆ ಬಂದರೆ ಅಂದು ಕೊಳ್ಳಬಾರದು. ರೈಲು ಹತ್ತಿ ಖಾನಾಪುರಕ್ಕೆ ಬರಬೇಕು, ನಮ್ಮಿಬ್ಬರಿಗೆ ಆ ವಸ್ತುವನ್ನು ಬಣ್ಣಿಸಿ ಹೇಳಬೇಕು. ಮುಂದಿನ ಸಲ ಹೋಗುವ ತನಕ ಅದು ನೆನಪಿನಲ್ಲಿದ್ದರೆ, ಆಗ ನೋಡೋಣ.

ಹೇಳುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಊಟಕ್ಕೆ ಕುಳಿತಾಗ ಅಂದು ನೋಡಿದ ಗಾಜಿನ ದೀಪದ ಬಳ್ಳಿ, ಗಿಳಿಯ ಪಂಜರ, ಮಡಚುವ ಮೇಜು, ಒಂದೊಂದನ್ನೂ ಎದುರಿಗೆ ಇಟ್ಟಂತೆ ಹೇಳುತ್ತಿದ್ದರು. ಅತ್ತೆಯವರು ಬಾಯಿ ತೆರೆದು ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ನಾನು, "ಎಲ್ಲಿ ಇಡೂಣು?" ಎನ್ನುತ್ತಿದ್ದೆ. ಅವರು ಮನೆಯನ್ನೆಲ್ಲ ಒಮ್ಮೆ ನೋಡಿ, "ಬ್ಯಾಡ ಬಿಡು, ಹೇಳಿದ್ದ ಸಾಕಾತು" ಎನ್ನುತ್ತಿದ್ದರು. ಬರಬರುತ್ತ ಓಣಿಯ ಗಂಡಸರೂ ಅದನ್ನು ಕೇಳಲು ನಮ್ಮ ಮುಂದಿನ ಕೋಣೆಗೆ ಬಂದು ಕೂಡತೊಡಗಿದರು. ಕೂಡಲು ಆಗ ಜಾಗವೂ ಇತ್ತು.

ಇಷ್ಟೆಲ್ಲ ನಡೆಯುವಾಗ ನಾನು ಬುದ್ಧಿವಂತಳಂತೆ ಇದ್ದೆ. ಅಡುಗೆಮನೆಯ ಒಂದು ಗೋಡೆಯ ತುಂಬ ನನ್ನ ತವರಿನಿಂದ ಬಂದ ತಾಮ್ರದ ಹಂಡೆ, ಕೊಳಗ, ಪರಾತಗಳು ಇದ್ದವು. ಊರಿಗೇ ಊಟ ಹಾಕುವಂಥವು. ನಾವು ಮೂರೇ ಜನ. ನಮಗೆ ಮಕ್ಕಳಾಗಲಿಲ್ಲ. ಮಕ್ಕಳ ಜವಳಕ್ಕೆ, ಮುಂಜಿಗೆ, ಮದುವೆಗೆ ಎಂದು ನನ್ನ ತಾಯಿ ಕೊಟ್ಟ ಪಾತ್ರೆಗಳನ್ನು ನಾನು ದೀಪಾವಳಿಗೊಮ್ಮೆ ಹುಣಸೆಹಣ್ಣು ಹಚ್ಚಿ ಬೆಳಗಿ ಮತ್ತೆ ಅಲ್ಲೇ ಇಡುತ್ತಿದ್ದೆ. ಅವುಗಳ ವಿಷಯ ನಮ್ಮ ಮನೆಯವರು ಒಂದು ದಿನವೂ ಎತ್ತಲಿಲ್ಲ, ಅತ್ತೆಯವರೂ ಎತ್ತಲಿಲ್ಲ.

ಖಾನಾಪುರಕ್ಕೆ ಬಂದ ಮರುವರ್ಷ ಎದುರು ಮನೆಯ ಮರಾಠಿ ಹೆಂಗಸಿನ ಮಗಳಿಗೆ ಮದುವೆ ಗೊತ್ತಾಯಿತು. ದೊಡ್ಡ ಪಾತ್ರೆ ಎರವಲು ಕೇಳಲು ಬಂದರು. ಕೊಟ್ಟೆ. ಮದುವೆಯ ದಿನ ಅವರ ಅಂಗಳದಲ್ಲಿ ಒಲೆಯ ಮೇಲೆ ಆ ಹಂಡೆಗಳು ಏರಿದ್ದನ್ನು ನೋಡಿದೆ. ತಳ ಮಸಿ ಹಿಡಿದು ಕಪ್ಪಾಗಿದ್ದವು. ನನ್ನ ಪಾತ್ರೆಗಳ ತಳ ಕಪ್ಪಾದದ್ದು ಅದೇ ಮೊದಲು. ಜನ ಪಂಕ್ತಿಯಲ್ಲಿ ಕುಳಿತು ಉಂಡರು. ನಾನೂ ಬಡಿಸಲು ನಿಂತೆ.

ಮದುವೆ ಮುಗಿದ ಮೇಲೆ ಅವರು ಪಾತ್ರೆಗಳನ್ನು ಬೆಳಗಿ ತಂದರು. ನಾನು ಬಾಗಿಲಲ್ಲೇ ತಡೆದೆ.

"ನಿಮ್ಮ ಮನ್ಯಾಗ ಇರ್ಲಿ" ಎಂದೆ. "ನಿಮಗ ಇನ್ನೂ ಹೆಣ್ಣುಮಕ್ಕಳಿದ್ದಾರ. ಓಣ್ಯಾಗ ಯಾರು ಕೇಳಿದ್ರೂ ಕೊಡ್ರಿ."

"ವಹಿನಿ, ತವರಮನಿ ಭಾಂಡೆ. ವಿಚಾರ ಮಾಡ್ರಿ."

"ಮಾಡೀನ್ರಿ" ಎಂದೆ.

ನೀರು ಕಾಯಿಸುವುದಕ್ಕೆಂದು ಒಂದು ಸಣ್ಣ ಹಂಡೆಯನ್ನು ಮಾತ್ರ ಇಟ್ಟುಕೊಂಡೆ. ಅಂದು ಸಂಜೆ ಕಚೇರಿಯಿಂದ ಬಂದ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಬರಿದಾದ ಗೋಡೆ ನೋಡಿದರು. ಅಲ್ಲಿ ಸುಣ್ಣ ಹಾರಿಹೋಗಿತ್ತು. ಭಾನುವಾರ ಸುಣ್ಣ ಕಲಸಿ ತಂದು ತಾವೇ ಹಚ್ಚಿದರು.